ಮೂರನೆಯ ಕೇಬಲ್‌ಗೆ ಕೊಟ್ಟ ಸಂಖ್ಯೆ

ಹೆಸರು ಗುರುತಿನ ಚೀಟಿಯಲ್ಲಿರುವಂತೆ. ವಯಸ್ಸು 34. ಉದ್ಯೋಗ, ಔಷಧ ಗೋದಾಮಿನಲ್ಲಿ ನೆಟ್‌ವರ್ಕ್ ತಂತ್ರಜ್ಞೆ. ವಾಸ, ಗೋದಾಮಿನ ಹಿಂದಿನ ಬೀದಿ, ಗಂಡನ ಅಣ್ಣನ ಮನೆಯ ಮಹಡಿ. ಈ ಮೂಲಕ ತಿಳಿಸುವುದೇನೆಂದರೆ:

ಗಂಡನ ಅಣ್ಣ, ಅಂದರೆ ನನ್ನ ಭಾವನೇ ಗೋದಾಮಿನಲ್ಲಿ ನನ್ನ ಮೇಲಧಿಕಾರಿ. ಕೆಲಸ ಕೊಡಿಸಿದವರೂ ಅವರೇ. ನೆಟ್‌ವರ್ಕ್ ಸ್ವಿಚ್ ಇರುವ ಕೋಣೆಯಿಂದ ಮುಖ್ಯ ಕಟ್ಟಡಕ್ಕೆ ಮೂರು ಕೇಬಲ್‌ಗಳನ್ನು ಒಂದೇ ಗುಂಪಾಗಿ ಜೋಡಿಸಲಾಗಿದೆ. ಒಮ್ಮೆಗೆ ಎರಡು ಮಾತ್ರ ದುಡಿಯುತ್ತವೆ, ಮೂರನೆಯದು ಕಾಯುತ್ತದೆ. ಯಾವುದು ದುಡಿಯಬೇಕೆಂಬುದನ್ನು ಅದನ್ನು ಸಿಕ್ಕಿಸಿರುವ ಪೋರ್ಟಿಗೆ ಕೊಟ್ಟ ಆದ್ಯತೆಯ ಸಂಖ್ಯೆ ತೀರ್ಮಾನಿಸುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಸರದಿ ಮೊದಲು. ನಾವು ಬದಲಾಯಿಸದಿದ್ದರೆ ಎಲ್ಲಕ್ಕೂ 32768. ಸಂಖ್ಯೆ ಸಮವಾದರೆ ಮೊದಲ ಪೋರ್ಟಿಗೇ ಮೊದಲ ಸರದಿ.

ಎರಡನೆಯ ಕೇಬಲ್ ಬೀರುವಿನಡಿ ಸಿಕ್ಕಿ ಜಜ್ಜಿತ್ತು. ಪೂರ್ತಿ ಸತ್ತಿದ್ದರೆ ಮೂರನೆಯದು ತಾನಾಗಿ ಅದರ ಜಾಗಕ್ಕೆ ಬರುತ್ತಿತ್ತು. ಅದು ಸತ್ತಿರಲಿಲ್ಲ, ಹಾದುಹೋಗುವ ಮಾಹಿತಿಯನ್ನು ಆಗಾಗ ನುಂಗುತ್ತಿತ್ತು. ಸೋಮವಾರ ಭಾವ ಮೂರನೆಯದಕ್ಕೆ ಹೊಸ ಕೇಬಲ್ ಹಾಕಿಸಿ, "ಅರವತ್ತು ಸಾವಿರ ಹಾಕಮ್ಮ, ದೊಡ್ಡ ನಂಬರ್‌ಗೇ ಮೊದಲ ಮಣೆ" ಎಂದರು. ಅದು ತಿರುವುಮುರುವು ಎಂದು ಹೇಳಿದೆ. ನನಗೇ ಪಾಠ ಹೇಳ್ತೀಯಾ ಎಂದು ನಕ್ಕರು. ಹಾಕಿದೆ. ಹೊಸ ಕೇಬಲ್ ಕಾಯುತ್ತಲೇ ಉಳಿಯಿತು.

ಇಂದು ಬೆಳಿಗ್ಗೆ 11.20ಕ್ಕೆ ಏಸಿ ಮೆಕ್ಯಾನಿಕ್ ಜೊತೆ ಕೋಣೆಯೊಳಗೆ ಹೋದೆ. ಕೋಣೆ ಹತ್ತು ಅಡಿಗೆ ಎಂಟು ಅಡಿ, ಕಿಟಕಿಯಿಲ್ಲ. 11.38ಕ್ಕೆ ಏಸಿ ಪೈಪ್ ಬಿರಿದು ಉಸಿರುಗಟ್ಟಿಸುವ ಗ್ಯಾಸ್ ಸೋರಿತು. ಬಾಗಿಲಿಗೆ ಎಷ್ಟು ಸಲ ಕಾರ್ಡ್ ಹಿಡಿದರೂ ಕೆಂಪು ದೀಪ. ಬಾಗಿಲು ತೆರೆಯುವ ಅಪ್ಪಣೆ ಮುಖ್ಯ ಕಟ್ಟಡದಿಂದ ಬರಬೇಕು, ಅದು ಜಜ್ಜಿದ ಕೇಬಲ್‌ನಲ್ಲೇ ಬರುತ್ತಿತ್ತು. ಒಳಗಿನ ತುರ್ತು ಗುಂಡಿ ಮೂರು ತಿಂಗಳಿಂದ ಕೆಟ್ಟಿದೆ. ಕೇಬಲ್ ಕೀಳೋಣವೆಂದರೆ ಸ್ವಿಚ್ ಬೀರುವಿಗೆ ಬೀಗ, ಕೀಲಿ ಭಾವನ ಬಳಿ.

11.41ಕ್ಕೆ ಭಾವನಿಗೆ ಫೋನ್ ಮಾಡಿ, ಲ್ಯಾಪ್‌ಟಾಪಿನಿಂದ ಸಂಖ್ಯೆ ಬದಲಾಯಿಸಲೇ ಎಂದು ಕೇಳಿದೆ. "ನಾನು ಬರೋವರೆಗೂ ಏನೂ ಮುಟ್ಬೇಡ" ಎಂದರು. ನೆಲಕ್ಕೆ ಕುಸಿದ ಮೆಕ್ಯಾನಿಕ್ ಬಾಗಿಲ ಸಂದಿಗೆ ಮೂಗು ಒತ್ತಿದ್ದರು. "ನಿಂಗೆ ಬರುತ್ತೆ ಅಲ್ವೇನಮ್ಮ, ಮಾಡು" ಎಂದರು. ನಾನು ಆರು ನಿಮಿಷ ಕಾದೆ. ಭಾವ ಬರಲಿಲ್ಲ. 11.47ಕ್ಕೆ ಮೂರನೆಯದಕ್ಕೆ 1 ಎಂದು ಒತ್ತಿದೆ. ಜಜ್ಜಿದ ಕೇಬಲ್ ಸರದಿಯಿಂದ ಹೊರಗೆ ಬಿತ್ತು. ಕಾರ್ಡ್ ಹಿಡಿದೆ, ಬಾಗಿಲು ತೆರೆಯಿತು. ಅಷ್ಟರಲ್ಲಿ ಮೆಕ್ಯಾನಿಕ್ ಮಾತು ನಿಲ್ಲಿಸಿದ್ದರು. 1.10ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆಸ್ಪತ್ರೆಯ ಮೆಟ್ಟಿಲ ಬಳಿ ಭಾವ, "ಅರವತ್ತು ಸಾವಿರ ನೀನೇ ತಿಳೀದೆ ಹಾಕಿದೆ ಅಂತ ಹೇಳ್ಬೇಕು, ಒಂದೇ ಮನೇಲಿ ಬಾಳೋರು ನಾವು" ಎಂದರು. ಹಾಕಿದ್ದು ನಾನೇ, ಆದರೆ ತಿಳಿದೂ ಹಾಕಿದೆ. ಆ ಆರು ನಿಮಿಷವೂ ನನ್ನದೇ. ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ನನ್ನನ್ನು ಮನೆಗೆ ಕರೆದೊಯ್ಯಲು ಭಾವ ಕಾಯುತ್ತಿದ್ದಾರೆ.

ನಾನು ಹೇಳಿದ್ದನ್ನು ಬರೆದುಕೊಂಡು ಓದಿ ಹೇಳಲಾಯಿತು. ಎಲ್ಲವೂ ಸತ್ಯ, ತಿದ್ದುವುದೇನೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14 ಮಾರ್ಚ್, ಸಂಜೆ 5.40
ಸಹಿ