ಪೂಜೆಯಾದ ಸೈಕಲ್ಲು

ಮಂಡ್ಯದಲ್ಲಿ ಕೆರಗೋಡಿನ ಬಸ್ಸಿಗೆ ಕಾದಿದ್ದವರಿಗೆಲ್ಲ ನಯಾಜ್ ಪಾಷಾನ ಸೈಕಲ್ ಷಾಪಿನ ಮಾತು ಕೇಳುತ್ತಿತ್ತು. ಮಗಳು ಅರ್ಪಿತ ನಾಳೆಯಿಂದ ಕೆಲಸಕ್ಕೆ ಹೋಗಲೆಂದು ಆನ್‌ಲೈನಿನಲ್ಲಿ ತರಿಸಿದ ಸೈಕಲ್ಲನ್ನು ಜವರಯ್ಯ ತಾನೇ ಜೋಡಿಸಿದ್ದ. ತುಳಿಯಹೋದರೆ ಕಾಲು ಮುಂದಿನ ಚಕ್ರಕ್ಕೆ ತಗಲುತ್ತಿತ್ತು.

"ಮಾಲೇ ಸರಿಯಿಲ್ಲ ಕಣ್ ನಯಾಜಣ್ಣ. ಕಂಪ್ನಿಯೋರು ವಾಪಸ್ ತಗೊಳ್ಳಕಿಲ್ಲ ಅಂತಾವ್ರೆ."

"ಯಾಕಂತೆ?"

"ಬಳಸ್ಬುಟ್ಟಿದ್ದೀರಿ ಅಂತಾರೆ. ನಾ ಕಳ್ಸಿದ್ ಪೋಟೋದಲ್ಲಿ ಅರಿಸಿನ ಕುಂಕುಮ ಕಂಡದಂತೆ. ಒಂದು ಮಾರೂ ಓಡ್ಸಿಲ್ಲ, ಪೂಜೆ ಮಾಡಿವ್ನಿ ಅಷ್ಟೇಯ."

"ಮಾಲು ಸರಿಯಾಗೇ ಅದೆ ಯಜಮಾನ್ರೆ. ಮುಂದಿನ ಚಕ್ರ ಹಿಡ್ದಿರೋ ಕವೆ, ಈ ಫೋರ್ಕನ್ನ ಹಿಂದುಮುಂದಾಗಿ ಕೂರಿಸಿದ್ದೀರ. ಬಿಚ್ಚಿ ತಿರುಗಿಸಿದ್ರೆ ಆಯ್ತು."

"ಪೂಜೆ ಆದ್ಮೇಲೆ ಬಿಚ್ಚೋದಾ? ದೇವ್ರು ಮುನಿಸ್ಕೊಂಡ್ರೆ?"

"ಸೊಟ್ಟಗಿದ್ದಾಗ್ಲೇ ಪೂಜೆ ತಗೊಂಡವ್ನು, ನೆಟ್ಟಗಾದ್ರೆ ಮುನಿಸ್ಕೊತಾನಾ?"

ಜವರಯ್ಯ ಸೈಕಲ್ಲಿಗೆ ಕೈಮುಗಿದು ಒಪ್ಪಿದ. ಕೆಲಸ ಮುಗಿದ ಮೇಲೆ ದನಿ ತಗ್ಗಿಸಿದ, ಆದರೂ ಬಸ್ಸಿಗೆ ಕಾದವರಿಗೆ ಕೇಳಿಸಿತು.

"ನನ್ ತಪ್ಪು ಅಂತ ಮಗ್ಳಿಗೆ ಯೋಳ್ಬ್ಯಾಡ ಕಣಪ್ಪ. ಮೊದ್ಲೇ ನಿನ್ನತ್ರ ತಗೊಂಡೋಗು ಅಂತ ಬಡ್ಕಂಡಿದ್ಲು."

"ಅವಳೇ ಬೆಳಿಗ್ಗೆ ಫೋನ್ ಮಾಡಿದ್ಲು ಯಜಮಾನ್ರೆ. ಅಪ್ಪ ಬತ್ತದೆ, ತಪ್ಪು ಕಂಪ್ನಿದು ಅಂತ್ಲೇ ಯೋಳಿ ಅಂದಿದ್ಲು. ನಂಗೆ ಮರ್ತೇ ಓಯ್ತು."

ಮೊದಲು ಮಗಳೇ ಹತ್ತಲಿ ಎಂಬಂತೆ, ಜವರಯ್ಯ ಸೈಕಲ್ಲನ್ನು ತಳ್ಳಿಕೊಂಡೇ ಹೊರಟ.