ನೀರು ಬಿಡೋ ಮುಂಚೆ

...ತಡಿ, ತಡಿ ಜುಂಜಣ್ಣ! ಆ ತಮಟೆ ಕೆಳಗಿಡು. ತೂಬು ಎತ್ತೋಕೆ ಇನ್ನೂ ಹೊತ್ತೈತೆ. ಆಯ್ತು, ಇಡಬೇಡ. ಕಾಯಿಸ್ತಾನೇ ಇರು. ಹುಲ್ಲಿನ ಬೆಂಕಿಗೆ ಹಿಡಿದರೆ ಚರ್ಮ ಬಿಗಿಯಾಗ್ತೈತೆ, ಗೊತ್ತು. ನಾನೂ ಈ ಸೀಮೆಯೋನೇ.

ನಾನು ಕೊಟ್ಟ ಕಾಗದ ಎಲ್ಲಿ? ಓದೋಕೆ ಬರಲ್ಲ, ಸರಿ, ನಾನೇ ಹೇಳ್ತೀನಿ. ಒಂದೇ ಮಾತು. 'ಮಾರಿಕಣಿವೆ ಕಾಲುವೆಯ ನೀರುಗಂಟಿ ಜುಂಜಣ್ಣನಾದ ನಾನು, ಹೋದ ಸೋಮವಾರ ಚಳಿಜ್ವರದಿಂದ ಎಚ್ಚರಿಕೆಯ ತಮಟೆ ಬಾರಿಸದೆ ನೀರು ಬಿಟ್ಟೆ.' ಅಷ್ಟೇ. ಹೆಬ್ಬೆಟ್ಟು ಒತ್ತು. ಕೆಲಸ ಹೋಗಬಹುದು, ಜೈಲು ತಪ್ಪುತ್ತೆ. ಜ್ವರ ಬರೋದು ಅಪರಾಧ ಅಲ್ಲ.

ಯಾಕೆ ನಗ್ತೀಯಾ? ನಗಲಿಲ್ವಾ? ಹೊಗೆಗೆ ಮುಖ ಕಿವುಚಿದೆಯೋ ಏನೋ. ನೀನು ಏರಿ ಮೇಲೆ, ನಾನು ಕಾಲುವೆ ಒಳಗೆ. ಬಿಸಿಲು ನೆಟ್ಟಗೆ ಕಣ್ಣಿಗೇ ಹೊಡೀತೈತೆ.

ನಾನು ಇಲ್ಲಿ ಇಳಿದದ್ದು ಅವನ ಕನ್ನಡಕ ಹುಡುಕೋಕೆ. ಆವತ್ತು ನೀರಿಗೆ ಸಿಕ್ಕ ನನ್ನ ಗೆಳೆಯ ರೇವಣಸಿದ್ದಪ್ಪನದು. ಹೆಣ ಸಿಕ್ತು, ಸೈಕಲ್ ಸಿಕ್ತು, ಕನ್ನಡಕ ಸಿಗಲಿಲ್ಲ. ಅವರಮ್ಮ ಕೊಟ್ರಮ್ಮ ಮೂರು ಸಲ ಕೇಳಿದ್ರು. ಮಣ್ಣು ಮಾಡಿ ಆದಮೇಲೆ ಕನ್ನಡಕ ಯಾಕೆ? ಕೇಳಲಿಲ್ಲ ನಾನು. ಹುಡುಕ್ತಿದೀನಿ.

ರಜಕ್ಕೆ ಬಂದೋರು ಕಣಯ್ಯ ನಾವು! ನಾಲ್ಕು ದಿನದ ಸವಾರಿ. ದುರ್ಗದಿಂದ ಹಿರಿಯೂರು, ಅಲ್ಲಿಂದ ಮಾರಿಕಣಿವೆ ಕಟ್ಟೆ, ಆಮೇಲೆ ಕಾಲುವೆ ಹಿಡಿದು ಅದು ಮುಗಿಯೋ ತನಕ. ಲೋಕವೆಲ್ಲ ಕಟ್ಟೆ ಕಟ್ಟೆ ಅಂತ ಬಾಯಿ ಬಿಡ್ತೈತಲ್ಲ, ನೋಡೇ ಬಿಡಾಣ ಅಂತ. ಕಲ್ಲು, ಗಾರೆ, ನೀರು. ನನಗೇನೂ ಅನ್ನಿಸಲಿಲ್ಲ. ಅವನು ಮಾತ್ರ ಮಾರಮ್ಮನ ಗುಡಿ ಮುಂದೆ ಸೈಕಲ್ ಇಳಿದು ಕೈ ಮುಗಿದ. ಅವನು ಕಣ್ಣು ಮುಚ್ಚಿರೋವಾಗ ನಾನು ಹಿಂದಿನಿಂದ ಬೆಲ್ ಹೊಡೆದೆ. ಅವನೇ ನಕ್ಕ. ಇಬ್ಬರೂ ಒಂದೇ ವರ್ಷ ಬಿ.ಎ. ಪಾಸಾದೋರು... ಅವನಿಗೆ ಅದು ತಲೆಗೆ ಹತ್ತಿರಲಿಲ್ಲ, ಅಷ್ಟೇ.

ಏರಿ ಮೇಲೆ ಬರೀ ಜಾಲಿಮುಳ್ಳು. ಮೊದಲ ದಿನವೇ ಎರಡು ಸಲ ಟ್ಯೂಬು ತೂತಾಯ್ತು. ಹೂಳೆತ್ತೋಕೆ ಅಂತ ನೀರು ನಿಲ್ಲಿಸಿದ್ರಿ. ಕಾಲುವೆ ತಳ ಒಣಗಿ ಎಷ್ಟು ನುಣ್ಣಗಿತ್ತು ಅಂತೀಯಾ! ಬೆಂಗಳೂರು ರಸ್ತೆ ಏನೂ ಅಲ್ಲ. ಸೈಕಲ್ ಸಮೇತ ಇಳಿದ್ವಿ. ಯಾರು ಮೊದಲು ಇಳಿದ್ರು ಅನ್ನೋದು ಈಗ ಬೇಡ.

ಹಂಗೆ ನೋಡಬೇಡ. ನನ್ನ ಹೇಳಿಕೆ ಕೊಟ್ಟಾಗೈತೆ. ತಮಟೆ ಸದ್ದು ಬರಲೇ ಇಲ್ಲ ಅಂತ. ಇಂಗ್ಲಿಷಿನಲ್ಲಿ. ಬರಕೊಂಡೋರು ಎರಡು ಸಲ ತಲೆಯಾಡಿಸಿದ್ರು. ನಾಳಿದ್ದು ವಿಚಾರಣೆ. ನೀನು ಬಾರಿಸಿದೆ ಅಂತೀಯಾ, ನಾನು, ಗಂಗಾಧರಪ್ಪ ಬಿ.ಎ., ಇಲ್ಲ ಅಂತೀನಿ. ಯಾರ ಮಾತು ನಿಲ್ತೈತೆ, ನೀನೇ ಹೇಳು. ನಿನ್ನ ಒಳ್ಳೇದಕ್ಕೇ ಬಂದೆ ನಾನು...

ಏನದು ಬೆರಳು? ಮೂರು? ಮೂರು ಸುತ್ತು ಬಾರಿಸಿದೆ ಅಂತೀಯಾ? ಸುಳ್ಳು ಹೇಳಬೇಡ ಮಾರಾಯ! ಎರಡೇ ಸುತ್ತು. ಎರಡನೇದಕ್ಕೆ ರೇವಣಸಿದ್ದ ಸೈಕಲ್ ನಿಲ್ಲಿಸಿ...

...

ಬೆಂಕಿ ಆರ್ತಾ ಐತೆ ನೋಡು. ಹುಲ್ಲು ಹಾಕು.

ಹಾಕಲ್ವಾ?

ಹೂಂ. ಎರಡು ಕೇಳಿಸ್ತು. ಎರಡನೇದಕ್ಕೆ ಅವನು ಕಾಲೂರಿ ನಿಂತ. 'ನೀರು ಬಿಡ್ತಾರೆ ಕಣೋ, ಮೇಲೆ ಹೋಗಾಣ' ಅಂದ. ಲೇ, ಅದು ಮಾರಿಗೆ ಕುರಿ ಕೊಡೋ ತಮಟೆ, ಬಿ.ಎ. ಓದಿ ಅದಕ್ಕೂ ಕೈ ಮುಗೀತೀಯೇನೋ ಅಂದೆ. ನಾಚಿಕೊಂಡ. ನಾಚಿಕೊಂಡು ಜೋರಾಗಿ ತುಳಿದು ನನಗಿಂತ ಮುಂದೆ ಹೋದ. ಮೂರನೇದು... ಬಾರಿಸಿರ್ತೀಯಾ. ನನಗೆ ಕೇಳಿಸಲಿಲ್ಲ. ಅವನನ್ನ ರೇಗಿಸೋಕೆ ಬೆಲ್ ಹೊಡೀತಿದ್ದೆ. ತಮಟೆಯ ತಾಳಕ್ಕೇ.

ಹಿಂದಿನಿಂದ ನೀರು ಬಂತು. ನನ್ನ ಪಕ್ಕದಲ್ಲಿ ಮೆಟ್ಟಿಲಿತ್ತು. ಅವನ ಮುಂದೆ ಮೋರಿ. ಕೂಗಿದೆ ಜುಂಜಣ್ಣ, ಕೂಗಲಿಲ್ಲ ಅನ್ನಬೇಡ! ತಮಾಷೆ ಅಂದ್ಕೊಂಡ. ತಿರುಗಿ ನೋಡಲಿಲ್ಲ.

ಸಾಕಾ? ಆ ಕಾಗದ ವಾಪಸು ಕೊಡು. ಇತ್ಲಾಗೆ ಎಸಿ... ಎಸೆಯಲ್ವಾ? ಮಡಚಿ ಸೊಂಟಕ್ಕೆ ಸಿಕ್ಕಿಸ್ಕೊಂಡೆಯಾ. ಸರಿ. ನನ್ನ ಕೈಬರಹ ಅದು, ಯಾರು ಬೇಕಾದ್ರೂ ಗುರುತು ಹಿಡೀತಾರೆ. ಇಟ್ಕೋ.

ಈಗ ಬಾರಿಸು. ಹೊತ್ತಾಯ್ತು. ಕೆಳಗಿನ ಹೊಲದೋರು ಕಾಯ್ತಿರ್ತಾರೆ. ತಮಟೆ ಕಾದೈತೆ, ಕೋಲು ಕೈಲೈತೆ, ಇನ್ನೇನು? ಬಾರಿಸಯ್ಯ! ಏನು ನೋಡ್ತಿದೀಯಾ? ಮುಖ ಅಲ್ಲ... ನನ್ನ ಕಾಲು ನೋಡ್ತಿದೀಯಾ.

ಓ.

ತೂಬಿನ ಹತ್ರದಿಂದ ಈ ತಿರುವು ಕಾಣಲ್ಲ. ಅದಕ್ಕೇ ತಮಟೆ. ಇವತ್ತು ನೀನೇ ಇಲ್ಲೀ ತನಕ ನಡೆದು ಬಂದಿದೀಯಾ. ಒಳಗೆ ಮನುಷ್ಯ ನಿಂತಿರೋದು ಕಂಡೈತೆ, ಇನ್ನು ನೀರು ಬಿಡಲ್ಲ ನೀನು. ನಾನು ಹತ್ತೋ ತನಕ ಹಿಂಗೇ ನಿಂತಿರ್ತೀಯಾ. ಸಾಯಂಕಾಲವಾದ್ರೂ.

ಹತ್ತುತೀನಿ, ಹತ್ತುತೀನಿ. ತೋರಿಸಬೇಡ. ಮೆಟ್ಟಿಲು ಎಲ್ಲೈತೆ ಅಂತ ನನಗೆ ಗೊತ್ತು.