ಅಣ್ಣ ದುಡಿದ ಅಣುಸ್ಥಾವರ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ವಯಸ್ಸಾದ ಅಣ್ಣ ತಂಗಿ ಕಾಯುತ್ತಿದ್ದರು.

“ಅಣ್ಣ, ನೀನಿದ್ದ ಅಣುಸ್ಥಾವರದಲ್ಲೇ ನನ್ನ ಮಗಳಿಗೂ ಕೆಲಸ ಸಿಕ್ಕಿದೆ. ಎದೆ ಡವಡವ ಅಂತಿದೆ.”

“ಮೂವತ್ತು ವರ್ಷ ದುಡಿದೆ, ನಂಗೇನಾಯ್ತು? ಕಣ್ಣು ಮಂಜಾಗಿದೆ, ಅದು ನಿಂಗೂ ಆಗಿದೆ.”

“ಹಾಗಾದ್ರೆ ಮನೆ ಮೇಲೆ ಸೋಲಾರ್ ಯಾಕೆ ಹಾಕಿಸ್ದೆ?”

“ಬಿಸಿಲು ಸುಮ್ನೆ ಹಾಳಾಗ್ತಿತ್ತು. ಹಗಲಿಗೆ ಅದಿರಲಿ. ಕತ್ತಲಾದ್ಮೇಲೆ ರೈಲು, ಆಸ್ಪತ್ರೆ ನಡೀಬೇಡ್ವಾ? ಎರಡೂ ಬೇಕು ಕಣೇ.”

“ಅವಳಿಗೂ ಒಳಗೊಳಗೇ ಭಯ.”

“ಇರ್ಲಿ. ಭಯ ಇರೋರೇ ಪ್ರತಿಯೊಂದನ್ನೂ ಎರಡೆರಡು ಸಲ ನೋಡೋದು. ಅಲ್ಲಿಗೆ ಅಂಥೋರೇ ಬೇಕು.”

ತಂಗಿ ಅಣ್ಣನ ಕಡೆ ತಿರುಗಿದರು. “ಸ್ಥಾವರದ ಪಕ್ಕದಲ್ಲಿದೆ ಅಂತ ಹೆದರ್ಕೊಂಡು ಇಷ್ಟು ವರ್ಷ ನಿನ್ನ ಮನೇಲಿ ಒಂದು ಲೋಟ ನೀರೂ ಕುಡೀಲಿಲ್ಲ. ಭಾನುವಾರ ಅವಳನ್ನ ಕರ್ಕೊಂಡು ಊಟಕ್ಕೇ ಬರ್ತೀನಿ.”

ನರ್ಸ್ ಕರೆದರು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು.